ನಿಂತ ವಿಮಾನಕ್ಕೆ ಸವಾಲು



ಮುಂಬೈ ವಿಮಾನ ನಿಲ್ದಾಣದ ಹತ್ತಿರ, ವಿಲೇ ಪಾರ್ಲೆಯಲ್ಲಿ, ಕಿಂಗ್‌ಫಿಷರ್ ಹೌಸ್ ಎಂಬ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಕಚೇರಿ. ಕಂಪನಿ ಮುಳುಗಿದ ಮೇಲೆ ಸಾಲ ಕೊಟ್ಟ ಬ್ಯಾಂಕುಗಳು ಅದನ್ನು ವಶಕ್ಕೆ ತೆಗೆದುಕೊಂಡು 2016ರ ಮಾರ್ಚ್‌ನಲ್ಲಿ ಹರಾಜಿಗಿಟ್ಟವು. ಮೂಲ ಬೆಲೆ 150 ಕೋಟಿ ರೂಪಾಯಿ. ಒಬ್ಬರೂ ಸವಾಲು ಕೂಗಲಿಲ್ಲ. ಆಗಸ್ಟ್‌ನಲ್ಲಿ 135 ಕೋಟಿಗೆ ಇಳಿಸಿ ಕರೆದರು, ಯಾರೂ ಬರಲಿಲ್ಲ. ಡಿಸೆಂಬರ್‌ನಲ್ಲಿ 115 ಕೋಟಿ, ಮುಂದಿನ ಮಾರ್ಚ್‌ನಲ್ಲಿ 103.5 ಕೋಟಿ. ಆಗಲೂ ಯಾರೂ ಬರಲಿಲ್ಲ. ಹೀಗೆ ಇಳಿಯುತ್ತ ಇಳಿಯುತ್ತ 2021ರಲ್ಲಿ ಹೈದರಾಬಾದಿನ ಸ್ಯಾಟರ್ನ್ ರಿಯಲ್ಟರ್ಸ್ ಎಂಬ ಕಂಪನಿ ಅದನ್ನು 52.25 ಕೋಟಿಗೆ ಕೊಂಡಿತು. ಐದು ವರ್ಷದಲ್ಲಿ ಮುಂಬೈಯ ನೆಲದ ಬೆಲೆ ಮೂರನೇ ಒಂದು ಪಾಲಿಗೆ ಇಳಿದಿರಲಿಲ್ಲ. ಇಳಿದದ್ದು ಈ ಕಟ್ಟಡದ ಬೆಲೆ ಮಾತ್ರ.

ಈ ವರ್ಷದ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಇದೇ: ದಿವಾಳಿಯಾದ ವಿಮಾನ ಕಂಪನಿಯ ಆಸ್ತಿಗೆ ಯಾರು ಸವಾಲು ಕೂಗುತ್ತಾರೆ, ಎಷ್ಟಕ್ಕೆ ಕೂಗುತ್ತಾರೆ, ಬಂದ ದುಡ್ಡು ಯಾರ ಕೈ ಸೇರುತ್ತದೆ. ಶರಣ ವೀರೇಶ್ವರರ ಊರಾದ ನಾಲತವಾಡದಲ್ಲಿ, ತೊಗರಿ ಹತ್ತಿ ಬೆಳೆಯುವವರ ಮುಂದೆ, ವಿಮಾನದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ಕಿಂಗ್‌ಫಿಷರ್‌ಗೆ ಸಾಲ ಕೊಟ್ಟ ಹದಿನೇಳು ಬ್ಯಾಂಕುಗಳಲ್ಲಿ ಹೆಚ್ಚಿನವು ಸರ್ಕಾರಿ ಬ್ಯಾಂಕುಗಳು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅದರಲ್ಲಿತ್ತು, ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದರಲ್ಲಿತ್ತು. ಆ ಎರಡು ಬ್ಯಾಂಕುಗಳ ಹೆಸರೂ ಇವತ್ತು ಉಳಿದಿಲ್ಲ. ನಿಮ್ಮಂಥವರು ಇಟ್ಟ ಠೇವಣಿಯೇ ಆ ಸಾಲದ ಮೂಲ. ಇನ್ನೊಂದು ಕಾರಣವೂ ಇದೆ. ನಮ್ಮ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ಹುಡುಗ ಹುಡುಗಿಯರು ಓದು ಮುಗಿಸಿ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಅವರು ಸೇರಿದ ಕಂಪನಿ ನಾಳೆ ಬಾಗಿಲು ಹಾಕಿದರೆ ಅವರ ಸಂಬಳದ ಗತಿ ಏನು ಎಂಬುದನ್ನು ವಿಮಾನ ಕಂಪನಿಗಳ ಕಥೆ ಬೇರೆ ಯಾವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಮೊದಲು ಒಂದು ವಿಷಯ ತಿಳಿಯಬೇಕು. ವಿಮಾನ ಕಂಪನಿಯ ಬಳಿ ಸ್ವಂತದ್ದೆಂದು ಇರುವುದು ಬಹಳ ಕಡಿಮೆ. ಒಂದು ಸಕ್ಕರೆ ಕಾರ್ಖಾನೆ ಮುಳುಗಿದರೆ ಜಮೀನು ಇರುತ್ತದೆ, ಯಂತ್ರ ಇರುತ್ತದೆ, ಗೋದಾಮಿನಲ್ಲಿ ಸಕ್ಕರೆ ಚೀಲ ಇರುತ್ತವೆ. ವಿಮಾನ ಕಂಪನಿಯ ವಿಮಾನಗಳು ಬಹುಪಾಲು ಐರ್ಲೆಂಡಿನದೋ ಅಮೆರಿಕದದೋ ಲೀಸ್ ಕಂಪನಿಯವು; ಬಾಡಿಗೆ ನಿಂತ ದಿನ ಅವರು ಒಯ್ಯುತ್ತಾರೆ. ಎಂಜಿನ್ ಕೂಡ ಎಷ್ಟೋ ಸಲ ಬೇರೆಯವರದು. ನಿಲ್ದಾಣದ ಕೌಂಟರು ಬಾಡಿಗೆಯದು. ಬೆಳಿಗ್ಗೆ ಏಳು ಗಂಟೆಗೆ ದೆಹಲಿಯಲ್ಲಿ ಇಳಿಯುವ ಹಕ್ಕು, ಅಂದರೆ ಸ್ಲಾಟ್, ನಿಲ್ದಾಣದ್ದು ಮತ್ತು ಸರ್ಕಾರದ್ದು. ಹಾರಾಟದ ಪರವಾನಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೊಟ್ಟದ್ದು. ಉಳಿಯುವುದು ಪೈಲಟ್, ಎಂಜಿನಿಯರ್, ಗಗನಸಖಿ, ಸಾಮಾನು ಎತ್ತುವವರ ಕೈಚಳಕ ಮತ್ತು ಜನರ ಬಾಯಲ್ಲಿರುವ ಹೆಸರು. ಈ ಎರಡಕ್ಕೂ ಕಂಪನಿ ಹಾರುತ್ತಿರುವ ತನಕ ಮಾತ್ರ ಬೆಲೆ.

ಹಾರುತ್ತಿರುವ ಕಂಪನಿಗೆ ಹೇಗೆ ಪೈಪೋಟಿ ನಡೆಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಹಾಸನ ಜಿಲ್ಲೆಯ ಗೊರೂರಿನ ಜಿ. ಆರ್. ಗೋಪಿನಾಥ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು, ಆಮೇಲೆ ರೈತರಾದವರು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದವರು. 2003ರಲ್ಲಿ ಅವರು ಏರ್ ಡೆಕ್ಕನ್ ಶುರು ಮಾಡಿದರು. ದೊಡ್ಡ ಕಂಪನಿಗಳು ತಿರುಗಿ ನೋಡದ ಹುಬ್ಬಳ್ಳಿಯಂಥ ಊರುಗಳಿಗೆ ಚಿಕ್ಕ ಎಟಿಆರ್ ವಿಮಾನ ಬಿಟ್ಟರು, ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಕಂಪನಿಗೆ ಲಾಭ ಬರಲಿಲ್ಲ, ಬಂಡವಾಳ ಬೇಕಾಯಿತು. 2007ರಲ್ಲಿ ಅನಿಲ್ ಅಂಬಾನಿಯವರ ಬಳಗವೂ ಮಾತುಕತೆಗೆ ಬಂತು, ಕಿಂಗ್‌ಫಿಷರ್ ಒಡೆಯ ವಿಜಯ್ ಮಲ್ಯರ ಯುಬಿ ಬಳಗವೂ ಬಂತು. ಕೊನೆಗೆ ಮಲ್ಯ ಒಂದು ಷೇರಿಗೆ 155 ರೂಪಾಯಿಯಂತೆ ಶೇ 26ರಷ್ಟು ಪಾಲನ್ನು 550 ಕೋಟಿಗೆ ಕೊಂಡರು. ನಷ್ಟದ ಕಂಪನಿಗೆ ಇಷ್ಟು ದುಡ್ಡೇಕೆ? ಆಗ ಒಂದು ನಿಯಮವಿತ್ತು: ಐದು ವರ್ಷ ದೇಶದೊಳಗೆ ಹಾರಾಡಿದ ಕಂಪನಿಗೆ ಮಾತ್ರ ವಿದೇಶಕ್ಕೆ ಹಾರುವ ಅನುಮತಿ. 2005ರ ಮೇ ತಿಂಗಳಲ್ಲಿ ಶುರುವಾದ ಕಿಂಗ್‌ಫಿಷರ್‌ಗೆ ಆ ವಯಸ್ಸಾಗಿರಲಿಲ್ಲ, ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲಿ ತುಂಬುತ್ತಿತ್ತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ವಿಮಾನ ಹಾರಿತು. ಮಲ್ಯ ದುಡ್ಡು ಕೊಟ್ಟು ಕೊಂಡದ್ದರಲ್ಲಿ ಮುಖ್ಯವಾದದ್ದು ಡೆಕ್ಕನ್‌ನ ವಯಸ್ಸು. ವಿಲೀನದಲ್ಲಿ ಕಾಗದದ ಮೇಲೆ ಉಳಿದದ್ದು ಕೂಡ ಡೆಕ್ಕನ್ ಏವಿಯೇಷನ್ ಕಂಪನಿಯೇ. ಅದರ ಹೆಸರನ್ನು ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದು ಬದಲಾಯಿಸಿದರು. ಮುಂದೆ ನ್ಯಾಯಾಲಯ ಸಮಾಪನ ಮಾಡಿದ್ದು ಗೋಪಿನಾಥ್ ನೋಂದಾಯಿಸಿದ್ದ ಆ ಕಂಪನಿಯನ್ನು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಬಡವನನ್ನು ವಿಮಾನ ಹತ್ತಿಸಬೇಕೆಂದು ಹುಟ್ಟಿದ ಕಂಪನಿ ಅದು.

ಮುಂದಿನದು ನಿಮಗೆ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಕಿಂಗ್‌ಫಿಷರ್ ಯಾವ ವರ್ಷವೂ ಲಾಭ ಮಾಡಲಿಲ್ಲ. ಇಂಧನ ದುಬಾರಿಯಾಯಿತು, ಸಾಲ ಬೆಳೆಯಿತು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರಾಗಿ ಬದಲಾಯಿಸಿಕೊಂಡವು. ಪೇಟೆಯಲ್ಲಿ ಸುಮಾರು 40 ರೂಪಾಯಿಗೆ ಸಿಗುತ್ತಿದ್ದ ಷೇರನ್ನು 64.48 ರೂಪಾಯಿಗೆ ಲೆಕ್ಕ ಹಿಡಿದು ತೆಗೆದುಕೊಂಡವು. ನಮ್ಮ ಎಪಿಎಂಸಿಯಲ್ಲಿ ಯಾವ ದಲಾಲನೂ ಪೇಟೆ ಧಾರಣೆಗಿಂತ ಒಂದೂವರೆ ಪಟ್ಟು ಕೊಟ್ಟು ಮಾಲು ಕೊಳ್ಳುವುದಿಲ್ಲ. ಸಾರ್ವಜನಿಕರ ದುಡ್ಡಿನ ಕಾವಲುಗಾರರು ಕೊಂಡರು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು, ಪರವಾನಗಿ ಅಮಾನತಾಯಿತು, ವರ್ಷದ ಕೊನೆಗೆ ಅದರ ಅವಧಿಯೂ ತೀರಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಅವರ ಸಂಬಳದಲ್ಲಿ ಹಿಡಿದ ಆದಾಯ ತೆರಿಗೆಯನ್ನು ಕಂಪನಿ ಸರ್ಕಾರಕ್ಕೆ ಕಟ್ಟಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನೌಕರರೊಬ್ಬರ ಹೆಂಡತಿ ತಾವೇ ಪ್ರಾಣ ಕಳೆದುಕೊಂಡರು.

ಹಾರಾಟ ನಿಂತದ್ದು 2012ರಲ್ಲಿ. ಮೊದಲ ದೊಡ್ಡ ಹರಾಜು 2016ರಲ್ಲಿ. ಈ ನಡುವಿನ ಮೂರೂವರೆ ವರ್ಷವನ್ನು ನೀವು ಗಮನದಲ್ಲಿಡಬೇಕು. ನಮ್ಮ ರೈತರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕಡಿದ ಕಬ್ಬು ಫಡದಲ್ಲಿ ಬಿದ್ದರೆ ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಕಾರ್ಖಾನೆಯ ಲಾರಿ ಬರುವುದು ಒಂದು ವಾರ ತಡವಾದರೆ ಆ ನಷ್ಟ ಬೆಳೆದವನದೇ. ನೆಲಕ್ಕಿಳಿದ ವಿಮಾನ ಕಂಪನಿಯೂ ಹಾಗೆಯೇ. ಸ್ಲಾಟ್ ಬೇರೆಯವರಿಗೆ ಹೋಗುತ್ತದೆ. ಪೈಲಟ್‌ಗಳು ಬೇರೆ ಕಡೆ ಕೆಲಸ ಹಿಡಿಯುತ್ತಾರೆ. ಹಾರದ ವಿಮಾನದ ಎಂಜಿನ್ನು, ಚಕ್ರ, ತಂತಿ ಎಲ್ಲವೂ ಬಿಸಿಲು ಮಳೆಗೆ ಹಾಳಾಗುತ್ತವೆ. ಜನ ಹೆಸರು ಮರೆಯುತ್ತಾರೆ, ಇಲ್ಲವೇ ಕೆಟ್ಟದ್ದಕ್ಕೆ ನೆನೆಯುತ್ತಾರೆ.

ಹೆಸರಿನ ಹರಾಜನ್ನೇ ನೋಡಿ. ಸಾಲ ಪಡೆಯುವಾಗ ಕಿಂಗ್‌ಫಿಷರ್ ಎಂಬ ವಿಮಾನ ಕಂಪನಿಯ ಹೆಸರು ಮತ್ತು ಗುರುತುಗಳನ್ನು ಬ್ಯಾಂಕಿಗೆ ಅಡವಿಟ್ಟಿದ್ದರು. ಆ ಹೆಸರು 4,100 ಕೋಟಿಗೂ ಮೇಲೆ ಬಾಳುತ್ತದೆ ಎಂದು ಮೌಲ್ಯಮಾಪಕರು ಬರೆದುಕೊಟ್ಟಿದ್ದರು. 2016ರ ಏಪ್ರಿಲ್ 30ರಂದು ಬ್ಯಾಂಕುಗಳು ಅದನ್ನು ಹರಾಜಿಗೆ ತಂದಾಗ ಇಟ್ಟ ಮೂಲ ಬೆಲೆ 366.70 ಕೋಟಿ. ಹತ್ತರಲ್ಲಿ ಒಂದು ಪಾಲೂ ಇಲ್ಲ. ‘ಫ್ಲೈ ದ ಗುಡ್ ಟೈಮ್ಸ್’ ಎಂಬ ಘೋಷವಾಕ್ಯವೂ, ‘ಕಿಂಗ್‌ಫಿಷರ್ ರೆಡ್’ ಎಂಬ ಹೆಸರೂ ಆ ಗಂಟಿನಲ್ಲಿದ್ದವು. ಒಂದೂ ಬಿಡ್ ಬರಲಿಲ್ಲ. ಬೆಲೆ ಇಳಿಸಿ ಮತ್ತೆ ಕರೆದರೂ ಬರಲಿಲ್ಲ. ಸಂಬಳ ಕೊಡದ, ಟಿಕೆಟ್ ದುಡ್ಡು ಹಿಂತಿರುಗಿಸದ ಹೆಸರನ್ನು ತನ್ನ ವಿಮಾನದ ಮೇಲೆ ಬರೆಸಿಕೊಳ್ಳಲು ಯಾವ ವ್ಯಾಪಾರಿಗೆ ಮನಸ್ಸಾದೀತು? ಹೆಸರಿಗೆ ಬೆಲೆ ಬರುವುದು ಅದರ ಹಿಂದೆ ದುಡಿಯುವವರು ಇದ್ದಾಗ. ಅವರನ್ನು ಕೈಬಿಟ್ಟ ದಿನವೇ ಅಡವು ಖಾಲಿಯಾಗಿತ್ತು. ಬ್ಯಾಂಕುಗಳ ದಾಖಲೆಯಲ್ಲಿ ಮಾತ್ರ ಅದು ಇನ್ನೂ ಸಾವಿರಾರು ಕೋಟಿಯದಾಗಿತ್ತು.

ಮಲ್ಯರು ಓಡಾಡುತ್ತಿದ್ದ ಏರ್‌ಬಸ್ ಎ319 ವಿಮಾನದ ಕಥೆ ಇನ್ನೂ ಉದ್ದ. ನೂರಕ್ಕೂ ಹೆಚ್ಚು ಜನರನ್ನು ಹೊರುವ ವಿಮಾನದೊಳಗೆ ಮಲಗುವ ಕೋಣೆ, ಸ್ನಾನದ ಮನೆ, ಬಾರ್ ಮಾಡಿಸಿ ಇಪ್ಪತ್ತೈದು ಜನರ ಸವಾರಿಯನ್ನಾಗಿ ಮಾಡಿದ್ದರು. ಸೇವಾ ತೆರಿಗೆ ಬಾಕಿಗಾಗಿ ತೆರಿಗೆ ಇಲಾಖೆ ಅದನ್ನು ಜಪ್ತಿ ಮಾಡಿ ಮುಂಬೈ ನಿಲ್ದಾಣದಲ್ಲಿ ನಿಲ್ಲಿಸಿತು. 2016ರ ಜೂನ್‌ನಲ್ಲಿ ಹರಾಜು ಕರೆದಾಗ ಮೂಲ ಬೆಲೆ 152 ಕೋಟಿ. ಬಂದದ್ದು ಒಂದೇ ಬಿಡ್, 1.09 ಕೋಟಿಗೆ. ಇಲಾಖೆ ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ. ಆದರೆ ವಿಮಾನ ನಿಂತಲ್ಲೇ ನಿಂತಿತು. ಜಾಗ ಖಾಲಿ ಮಾಡಿಸಿಕೊಡಿ ಎಂದು ನಿಲ್ದಾಣದವರು ಬಾಂಬೆ ಹೈಕೋರ್ಟಿನ ಬಾಗಿಲು ಬಡಿದರು. 2018ರಲ್ಲಿ ಅಮೆರಿಕದ ಫ್ಲಾರಿಡಾದ ಏವಿಯೇಷನ್ ಮ್ಯಾನೇಜ್‌ಮೆಂಟ್ ಸೇಲ್ಸ್ ಎಂಬ ಕಂಪನಿ 34.8 ಕೋಟಿಗೆ ಅದನ್ನು ಕೊಂಡಿತು. ಗೋವೆಯ ಕಾಂಡೋಲಿಮ್‌ನ ಕಿಂಗ್‌ಫಿಷರ್ ವಿಲ್ಲಾ 85.29 ಕೋಟಿಯಿಂದ ಶುರುವಾಗಿ 2017ರ ಏಪ್ರಿಲ್‌ನಲ್ಲಿ ನಟ, ಉದ್ಯಮಿ ಸಚಿನ್ ಜೋಷಿಯವರ ಕಂಪನಿಗೆ 73.01 ಕೋಟಿಗೆ ಹೋಯಿತು. ಆಗಿನ ಮೂಲ ಬೆಲೆ 73 ಕೋಟಿ. ಅದರ ಮೇಲೆ ಸಿಕ್ಕಿದ್ದು ಒಂದು ಲಕ್ಷ.

ಹರಾಜಿಗೆ ಬರುವವರು ಏನು ಲೆಕ್ಕ ಹಾಕುತ್ತಾರೆ ಎಂಬುದು ಇಲ್ಲಿ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಯಾರೂ ಕೂಗದಿದ್ದರೆ ಮುಂದಿನ ಸುತ್ತಿನಲ್ಲಿ ಬೆಲೆ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಯಾರೂ ಮೊದಲ ಸುತ್ತಿನಲ್ಲಿ ಕೂಗುವುದಿಲ್ಲ. ಮಾತಾಡಿಕೊಳ್ಳುವ ಅಗತ್ಯವೂ ಇಲ್ಲ, ಸುಮ್ಮನೆ ಕಾದರೆ ಸಾಕು. ಇದರ ಮೇಲೆ ಕೋರ್ಟು ಕಚೇರಿಯ ಅಂಜಿಕೆ ಬೇರೆ: ಇವತ್ತು ದುಡ್ಡು ಕಟ್ಟಿದ ಆಸ್ತಿಯ ಮೇಲೆ ನಾಳೆ ಇನ್ನೊಬ್ಬ ಸಾಲದಾತನೋ ತೆರಿಗೆ ಇಲಾಖೆಯೋ ತಕರಾರು ತೆಗೆದರೆ? ಆ ಅಂಜಿಕೆಗೂ ಒಂದು ಬೆಲೆ ಇದೆ, ಅದನ್ನು ಕೊಳ್ಳುವವನು ತನ್ನ ಬಿಡ್‌ನಲ್ಲಿ ಮೊದಲೇ ಕಳೆದಿರುತ್ತಾನೆ.

ಕರ್ನಾಟಕ ಹೈಕೋರ್ಟ್ 2016ರ ನವೆಂಬರ್‌ನಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಮಾಪನಕ್ಕೆ ಆದೇಶ ಕೊಟ್ಟಿತು. 2017ರ ಜನವರಿ 19ರಂದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿಯನ್ನು ಶೇ 11.5ರ ಬಡ್ಡಿ ಸಮೇತ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟಿತು. ಅಷ್ಟು ಹೊತ್ತಿಗೆ ಮಲ್ಯರು ದೇಶ ಬಿಟ್ಟು ಹತ್ತು ತಿಂಗಳಾಗಿತ್ತು. ಹಾಗಾದರೆ ದುಡ್ಡು ಬಂತೇ? ಬಂತು. ಮಲ್ಯರ ಆಸ್ತಿಯಿಂದ 14,131.6 ಕೋಟಿ ಸರ್ಕಾರಿ ಬ್ಯಾಂಕುಗಳಿಗೆ ಮರಳಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಈ ಅಂಕಿ ಹಿಡಿದು ಮಲ್ಯರು ತಾವು ಕೊಡಬೇಕಾದದ್ದಕ್ಕಿಂತ ಹೆಚ್ಚು ವಸೂಲಾಗಿದೆ ಎಂದು ವಾದಿಸುತ್ತಿದ್ದಾರೆ. ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನಾವು ನೋಡಬೇಕಾದದ್ದು ಆ ದುಡ್ಡು ಎಲ್ಲಿಂದ ಬಂತು ಎಂಬುದನ್ನು. 2021ರ ಜೂನ್‌ನಲ್ಲಿ ಹೈನೆಕೆನ್ ಎಂಬ ಡಚ್ ಕಂಪನಿ, ಮಲ್ಯರ ಪಾಲಿದ್ದ ಬಿಯರ್ ಕಂಪನಿ ಯುನೈಟೆಡ್ ಬ್ರೂವರೀಸ್‌ನ ಶೇ 14.99ರಷ್ಟು ಷೇರುಗಳನ್ನು 5,825 ಕೋಟಿ ಕೊಟ್ಟು ಕೊಂಡಿತು. ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿ ಬ್ಯಾಂಕುಗಳಿಗೆ ಬಿಟ್ಟುಕೊಟ್ಟಿದ್ದ ಷೇರುಗಳವು. ಈ ಬ್ರೂವರಿ ಕಂಪನಿ ವಿಮಾನ ಕಂಪನಿಯಂತೆ ಬಾಗಿಲು ಹಾಕಿರಲಿಲ್ಲ. ಅಲ್ಲಿಯ ಕಾರ್ಮಿಕರು ಕೆಲಸಕ್ಕೆ ಬರುತ್ತಿದ್ದರು, ಮಾಲು ಪೇಟೆಗೆ ಹೋಗುತ್ತಿತ್ತು. ನಡೆಯುವ ಕಂಪನಿಯ ಚೂರೊಂದು 5,825 ಕೋಟಿ, ನಿಂತ ಕಂಪನಿಯ ಮುಖ್ಯ ಕಟ್ಟಡ 52 ಕೋಟಿ. ಈ ಎರಡು ಅಂಕಿಗಳಿಗಿಂತ ಸ್ಪಷ್ಟವಾಗಿ ನಾನು ಏನನ್ನೂ ಹೇಳಲಾರೆ.

ಕಿಂಗ್‌ಫಿಷರ್ ಸತ್ತದ್ದು ಹಳೆಯ ಕಾನೂನಿನ ಕಾಲದಲ್ಲಿ. ಅದಾದ ಮೇಲೆ 2016ರಲ್ಲಿ ದಿವಾಳಿ ಸಂಹಿತೆ ಬಂತು. ತಡವೇ ಮುಖ್ಯ ರೋಗ ಎಂದು ಆ ಕಾನೂನು ಬರೆದವರಿಗೆ ಗೊತ್ತಿತ್ತು. 180 ದಿನ, ಬೇಕಾದರೆ ಇನ್ನೂ 90 ದಿನ ಎಂದು ಗಡುವು ಹಾಕಿದರು; ಕೋರ್ಟಿನ ವ್ಯಾಜ್ಯವೆಲ್ಲ ಸೇರಿ 330 ದಿನ ಎಂಬ ಗಡುವು 2019ರ ತಿದ್ದುಪಡಿಯಲ್ಲಿ ಬಂತು. ಬಿಡ್ ಮಾಡುವವರು ಕಂಪನಿಯನ್ನು ಚೂರು ಚೂರಾಗಿ ಕೊಳ್ಳುವ ಬದಲು ಇಡಿಯಾಗಿ ಬದುಕಿಸುವ ಯೋಜನೆ ಕೊಡಬೇಕು. ಸಾಲ ಕೊಟ್ಟವರ ಸಮಿತಿ ಮತ ಹಾಕಿ, ಶೇ 66ರಷ್ಟು ಒಪ್ಪಿದರೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ ಅನುಮೋದಿಸಬೇಕು. ಒಳ್ಳೆಯ ಏರ್ಪಾಡು. ವಿಮಾನ ಕಂಪನಿಯ ಮೇಲೆ ಇದರ ಪರೀಕ್ಷೆ ನಡೆದದ್ದು ಜೆಟ್ ಏರ್‌ವೇಸ್ ಮುಳುಗಿದಾಗ.

ಜೆಟ್ 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಕೊನೆಯ ಸಲ ಹಾರಿತು. ಜೂನ್ 20ರಂದು ಪ್ರಕರಣ ಎನ್‌ಸಿಎಲ್‌ಟಿ ಸೇರಿತು. ಆ ಎರಡೇ ತಿಂಗಳಲ್ಲಿ ದೆಹಲಿ, ಮುಂಬೈಯಲ್ಲಿದ್ದ ಅದರ ಸ್ಲಾಟುಗಳನ್ನು ಸರ್ಕಾರ ಬೇರೆ ಕಂಪನಿಗಳಿಗೆ ಹಂಚಿತ್ತು. ಪ್ರಯಾಣಿಕರಿಗೆ ತೊಂದರೆಯಾಗಬಾರದು ಎಂಬುದು ಕಾರಣ, ಅದು ಸುಳ್ಳಲ್ಲ. ಆದರೆ ಕೊಳ್ಳಬಯಸುವವರ ಕಣ್ಣಿದ್ದದ್ದು ಆ ಸ್ಲಾಟುಗಳ ಮೇಲೆಯೇ. ದಕ್ಷಿಣ ಅಮೆರಿಕದ ಸಿನರ್ಜಿ ಬಳಗ ಆಸಕ್ತಿ ತೋರಿಸಿ ಹಿಂದೆ ಸರಿಯಿತು. ಕೊನೆಗೆ ಎರಡು ತಂಡ ಉಳಿದವು. ಒಂದು ಕಡೆ ಯುಎಇಯ ಉದ್ಯಮಿ ಮುರಾರಿ ಲಾಲ್ ಜಲಾನ್ ಮತ್ತು ಲಂಡನ್ನಿನ ಕಾಲ್ರಾಕ್ ಕ್ಯಾಪಿಟಲ್. ಇನ್ನೊಂದು ಕಡೆ ಪೈಲಟ್ ತರಬೇತಿ ಕೊಡುವ ಎಫ್‌ಎಸ್‌ಟಿಸಿ, ಮುಂಬೈಯ ಬಿಗ್ ಚಾರ್ಟರ್, ಅಬುಧಾಬಿಯ ಇಂಪೀರಿಯಲ್ ಕ್ಯಾಪಿಟಲ್. 2020ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳು ಜಲಾನ್–ಕಾಲ್ರಾಕ್ ಪರ ಮತ ಹಾಕಿದವು, 2021ರ ಜೂನ್‌ನಲ್ಲಿ ಎನ್‌ಸಿಎಲ್‌ಟಿ ಒಪ್ಪಿತು. 4,783 ಕೋಟಿ ಕೊಡುತ್ತೇವೆ, ಮೊದಲ ಕಂತು 350 ಕೋಟಿ ಎಂಬುದು ಯೋಜನೆ. ಹಳೆಯ ಸ್ಲಾಟುಗಳ ಭರವಸೆ ಮಾತ್ರ ಅವರಿಗೆ ಸಿಗಲಿಲ್ಲ.

ಅದೇ ಯೋಜನೆಯಲ್ಲಿ ನೌಕರರ ಪಾಲಿಗೆ ಬಂದದ್ದನ್ನು ಹತ್ತಿರದಿಂದ ನೋಡೋಣ. ಒಬ್ಬ ನೌಕರನಿಗೆ ನಗದು 11,000 ರೂಪಾಯಿ. ತಂದೆ ತಾಯಿಯ ಔಷಧೋಪಚಾರಕ್ಕೆ 5,100. ಮಕ್ಕಳ ಶಾಲೆ ಶುಲ್ಕಕ್ಕೆ 5,100. ಪಾಟಿ ಪುಸ್ತಕಕ್ಕೆ 1,100. ಮೊಬೈಲ್ ರಿಚಾರ್ಜಿಗೆ 500. ಒಟ್ಟು 22,800. ಜೊತೆಗೆ ಲಾಟರಿ ಎತ್ತಿ ಒಂದು ಫೋನೋ ಲ್ಯಾಪ್‌ಟಾಪೋ ಕೊಡುವ ಮಾತು. ಲಕ್ಷಗಟ್ಟಲೆ ಸಂಬಳ ಬಾಕಿ ಇದ್ದವರಿಗೆ, ಇಪ್ಪತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದವರಿಗೆ! ನೌಕರರು ಇದನ್ನು ಮತಕ್ಕೆ ಹಾಕಿ ತಳ್ಳಿಹಾಕಿದರು. ಆದರೆ ಅವರ ಮತಕ್ಕೆ ಯೋಜನೆಯನ್ನು ತಡೆಯುವ ಶಕ್ತಿ ಇರಲಿಲ್ಲ. ಸಾಲ ಕೊಟ್ಟವರ ಸಮಿತಿಯಲ್ಲಿ ಕೂತು ಮತ ಹಾಕುವ ಹಕ್ಕು ಸಾಲ ಕೊಟ್ಟ ಹಣಕಾಸು ಸಂಸ್ಥೆಗಳಿಗೆ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದವನು ಕಂಪನಿಗೆ ಸಾಲ ಕೊಟ್ಟಂತೆಯೇ ಅಲ್ಲವೇ? ಬ್ಯಾಂಕು ಬಡ್ಡಿಗೆ ಕೊಟ್ಟಿತು, ಅವನು ಬಡ್ಡಿಯಿಲ್ಲದೆ ಕೊಟ್ಟ. ಕಾಯಕಕ್ಕೆ ಎಲ್ಲಕ್ಕಿಂತ ಮೇಲಿನ ಜಾಗ ಕೊಟ್ಟ ಬಸವಣ್ಣನವರು ಹುಟ್ಟಿದ ನೆಲ ಇದು. ಇಲ್ಲಿಂದ ಈ ಪ್ರಶ್ನೆ ಕೇಳದಿದ್ದರೆ ಇನ್ನೆಲ್ಲಿಂದ ಕೇಳುವುದು?

ಒಂದು ವಿಷಯದಲ್ಲಿ ಮಾತ್ರ ನೌಕರರು ಗೆದ್ದರು. ಭವಿಷ್ಯ ನಿಧಿ (ಪಿಎಫ್) ಮತ್ತು ಗ್ರಾಚ್ಯುಟಿ ಕಂಪನಿಯ ಆಸ್ತಿಯಲ್ಲ, ಅವನ್ನು ಪೂರ್ತಿ ಕೊಡಲೇಬೇಕು ಎಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇಶದ ಎಲ್ಲ ದುಡಿಯುವವರಿಗೂ ದಕ್ಕಿದ ಗೆಲುವು ಅದು. ಜೆಟ್ ಮಾತ್ರ ಬದುಕಲಿಲ್ಲ. ದುಡ್ಡು ಕಟ್ಟುವ ಗಡುವುಗಳು ಒಂದರ ಹಿಂದೆ ಒಂದು ಮೀರಿದವು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದು ಮಾಡಿ, ತಂಡ ಕಟ್ಟಿದ್ದ 200 ಕೋಟಿಯನ್ನು ಮುಟ್ಟುಗೋಲು ಹಾಕಿ, ಕಂಪನಿಯನ್ನು ಸಮಾಪನಕ್ಕೆ, ಅಂದರೆ ಲಿಕ್ವಿಡೇಷನ್‌ಗೆ ಕಳಿಸಿತು. 330 ದಿನಗಳ ಗಡುವಿನ ಕಾನೂನಿನಡಿ ಐದು ವರ್ಷ ಕಳೆದಿತ್ತು.

ಗೋ ಫಸ್ಟ್ ಕಂಪನಿಯದು ಅದಕ್ಕಿಂತ ಚಿಕ್ಕ ಕಥೆ. 2023ರ ಮೇ ತಿಂಗಳಲ್ಲಿ ತಾನೇ ಹೋಗಿ ದಿವಾಳಿ ಅರ್ಜಿ ಹಾಕಿಕೊಂಡಿತು. ಸ್ಪೈಸ್‌ಜೆಟ್‌ನ ಅಜಯ್ ಸಿಂಗ್ ಮತ್ತು ಬಿಝಿ ಬೀ ಏರ್‌ವೇಸ್ ಒಂದು ಬಿಡ್, ಶಾರ್ಜಾದ ಸ್ಕೈ ಒನ್ ಇನ್ನೊಂದು ಬಿಡ್. ಸಾಲದಾತರು ಯೋಚಿಸುತ್ತಿರುವಾಗಲೇ 2024ರ ಏಪ್ರಿಲ್ 26ರಂದು ದೆಹಲಿ ಹೈಕೋರ್ಟ್ ಲೀಸ್ ಕಂಪನಿಗಳಿಗೆ ಅವರ ವಿಮಾನ ಒಯ್ಯಲು ಅನುಮತಿ ಕೊಟ್ಟಿತು. ಐವತ್ತಕ್ಕೂ ಮಿಕ್ಕಿ ವಿಮಾನ ಹೋದವು. ಬಂದ ಬಿಡ್‌ಗಳು ಕೈಗೂಡಲಿಲ್ಲ. 2025ರ ಜನವರಿಯಲ್ಲಿ ಲಿಕ್ವಿಡೇಷನ್. ಎಂಜಿನ್ ತಯಾರಕ ಪ್ರಾಟ್ ಅಂಡ್ ವಿಟ್ನಿ ಮೇಲೆ ಸಿಂಗಪುರದಲ್ಲಿ ಹೂಡಿದ ದಾವೆಯೇ ಆ ಕಂಪನಿಯ ದೊಡ್ಡ ಆಸ್ತಿಗಳಲ್ಲೊಂದಾಗಿ ಉಳಿಯಿತು. 2025ರಲ್ಲಿ ಸಂಸತ್ತು ಲೀಸ್ ಕೊಟ್ಟವರ ಹಕ್ಕು ಕಾಯುವ ಕಾನೂನನ್ನೇ ಮಾಡಿದೆ. ಅವರ ವಿಮಾನ ಅವರಿಗೆ ಸಲ್ಲಬೇಕು, ಅದರಲ್ಲಿ ತಪ್ಪಿಲ್ಲ. ಹಾಗೆ ಮಾಡದಿದ್ದರೆ ನಮ್ಮ ಕಂಪನಿಗಳಿಗೆ ಲೀಸ್ ಬಾಡಿಗೆ ಏರುತ್ತದೆ, ಟಿಕೆಟ್ ದರವೂ ಏರುತ್ತದೆ. ಡಬ್ಲಿನ್ನಿನ ಲೀಸ್ ಕಂಪನಿಯನ್ನು ಕಾಯಲು ಸಂಸತ್ತಿಗೆ ಪುರಸೊತ್ತಾಯಿತು. ಸಾಮಾನು ಎತ್ತುವ ಹುಡುಗನ ಬಾಕಿ ಸಂಬಳಕ್ಕೂ ಅಷ್ಟೇ ಗಟ್ಟಿಯಾದ ಕಾನೂನು ಆಗಬೇಕು ಎಂಬುದು ನನ್ನ ಒತ್ತಾಯ.

ಹಾರುತ್ತಿರುವಾಗಲೇ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಏರ್ ಇಂಡಿಯಾ ಇದೆ. ಸಾಲದಲ್ಲಿ ಮುಳುಗಿದ್ದರೂ ಸರ್ಕಾರ ಅದನ್ನು ನಿಲ್ಲಗೊಡಲಿಲ್ಲ. 2018ರಲ್ಲಿ ಶೇ 24ರಷ್ಟು ಪಾಲು ತಾನೇ ಇಟ್ಟುಕೊಂಡು ಮಾರಲು ಹೋದಾಗ ಯಾರೂ ಬರಲಿಲ್ಲ. ಷರತ್ತು ಸಡಿಲಿಸಿ, ಸ್ಲಾಟು ಸಮೇತ ಪೂರ್ತಿ ಮಾರಲು ಹೊರಟಾಗ 2021ರಲ್ಲಿ ಟಾಟಾ 18,000 ಕೋಟಿ, ಅಜಯ್ ಸಿಂಗ್ ತಂಡ 15,100 ಕೋಟಿ ಕೂಗಿದವು. ಮೂಲ ಬೆಲೆ 12,906 ಕೋಟಿ. ನಿಜವಾದ ಪೈಪೋಟಿ ಅಂದರೆ ಅದು: ಸವಾಲು ಮೂಲ ಬೆಲೆಯನ್ನು ದಾಟಿ ಮೇಲಕ್ಕೆ ಹೋಯಿತು.

ಇದರಿಂದ ನನಗೆ ಕಾಣುವ ದಾರಿ ಕಷ್ಟದ್ದೇನೂ ಅಲ್ಲ. ವಿಮಾನ ಕಂಪನಿ ನಿಂತ ದಿನದಿಂದ ಅದರ ಸ್ಲಾಟುಗಳನ್ನು ಬೇರೆಯವರಿಗೆ ತಾತ್ಕಾಲಿಕವಾಗಿ ಕೊಟ್ಟರೂ, ಒಂದು ನಿಗದಿತ ಅವಧಿಯೊಳಗೆ ಹೊಸ ಮಾಲೀಕ ಬಂದರೆ ಅವನಿಗೆ ಮರಳುತ್ತವೆ ಎಂದು ಸರ್ಕಾರ ಬರೆದುಕೊಡಬೇಕು. ಮೊದಲ ಮೂರು ತಿಂಗಳ ಸಂಬಳವನ್ನು ದಿವಾಳಿ ಪ್ರಕ್ರಿಯೆಯ ಖರ್ಚಿನ ಜೊತೆಗೇ ಸೇರಿಸಿ ಮೊದಲು ಕೊಡಬೇಕು. ಕೆಲಸಗಾರರು ಉಳಿದರೆ ಮಾತ್ರ ಬಿಡ್ ಮಾಡುವವರು ಉಳಿಯುತ್ತಾರೆ. ಸಾಲ ಕೊಟ್ಟವರ ಸಮಿತಿಯಲ್ಲಿ ನೌಕರರಿಗೆ ಮತ ಇರಬೇಕು. ಇವತ್ತಿನ ಕಾನೂನಿನಲ್ಲಿ ಲಿಕ್ವಿಡೇಷನ್ ಆದಾಗ ಕಾರ್ಮಿಕರ 24 ತಿಂಗಳ ಬಾಕಿ ಅಡವು ಇಟ್ಟುಕೊಂಡ ಸಾಲದಾತರ ಜೊತೆ ಎರಡನೇ ಸಾಲಿನಲ್ಲಿದೆ, ಉಳಿದ ನೌಕರರ 12 ತಿಂಗಳ ಬಾಕಿ ಮೂರನೇ ಸಾಲಿನಲ್ಲಿ. ಹಂಚಲು ಏನೂ ಉಳಿಯದ ಕಡೆ ಎರಡನೇ ಸಾಲಿನಲ್ಲಿದ್ದರೂ ಒಂದೇ, ಹತ್ತನೇ ಸಾಲಿನಲ್ಲಿದ್ದರೂ ಒಂದೇ.

ನಮ್ಮ ಭಾಗದಲ್ಲೂ ವಿಮಾನ ನಿಲ್ದಾಣಗಳು ಎದ್ದಿವೆ. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ ತೆರೆಯಿತು. ವಿಜಯಪುರದ ಹತ್ತಿರ ಬುರಣಾಪುರ, ಮದಭಾವಿಯ ಬಯಲಿನಲ್ಲಿ ರನ್‌ವೇ ಎದ್ದಿದೆ. ಬೀದರಿಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಹಾರಿ ಬಂದಾಗ ಊರಿಗೆ ಊರೇ ಸಂಭ್ರಮಿಸಿತು. ಎರಡು ವರ್ಷದಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ಸಣ್ಣ ನಿಲ್ದಾಣಗಳ ಪಾಡು ಒಂದೇ ಕಂಪನಿಯನ್ನು ನಂಬಿಕೊಂಡಿರುತ್ತದೆ. ವಿಜಯಪುರದಲ್ಲಿ ಹಾರಾಟ ಶುರುವಾಗುವಾಗ ನಮ್ಮ ಶಾಸಕರು, ಸಂಸದರು ಕಂಪನಿಯ ಲೆಕ್ಕಪತ್ರವನ್ನೂ ಕೇಳಿ ನೋಡಲಿ.

ಕೊನೆಯದಾಗಿ ಇಲ್ಲಿರುವ ವಿದ್ಯಾರ್ಥಿಗಳಿಗೆ, ದೂರದಲ್ಲಿ ದುಡಿಯುವ ಮಕ್ಕಳ ತಂದೆ ತಾಯಿಗೆ ಒಂದು ಮಾತು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಮೂರು ದಿನದೊಳಗೆ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಬಾಕಿ ಕ್ಲೇಮ್ ಸಲ್ಲಿಸುವ ಕೊನೆಯ ದಿನಾಂಕ ಇರುತ್ತದೆ. ನೌಕರರು ತುಂಬಬೇಕಾದದ್ದು ಫಾರ್ಮ್ ಡಿ. ಎಲ್ಲರ ಪರವಾಗಿ ಒಬ್ಬರು ತುಂಬುವುದಾದರೆ ಫಾರ್ಮ್ ಇ. ನೇಮಕಾತಿ ಪತ್ರ, ಪ್ರತಿ ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಖಾತೆಯ ಸಂಖ್ಯೆ, ಇಷ್ಟನ್ನು ಕಂಪನಿಯ ಕಂಪ್ಯೂಟರಿನಲ್ಲಿ ಬಿಡಬೇಡಿ. ಪ್ರತಿ ತೆಗೆದು ಮನೆಯಲ್ಲಿ ಇಡಿ. ಕಂಪನಿ ಬಾಗಿಲು ಹಾಕಿದ ಮರುದಿನ ನಿಮ್ಮ ಲಾಗಿನ್ ತೆರೆಯುವುದಿಲ್ಲ. ಪಿಎಫ್ ದುಡ್ಡು ಪ್ರತಿ ತಿಂಗಳು ಜಮೆಯಾಗುತ್ತಿದೆಯೇ ಎಂದು ನೋಡುತ್ತಿರಿ. ಜಮೆ ನಿಂತಿತೆಂದರೆ ಕಂಪನಿಯ ಕೈ ಬರಿದಾಗುತ್ತಿದೆ ಎಂದು ತಿಳಿದು ಆ ತಿಂಗಳೇ ಭವಿಷ್ಯ ನಿಧಿ ಕಚೇರಿಗೆ ದೂರು ಕೊಡಿ.